ಸಭಾಹಿರಿಯರನ್ನು ಆರಿಸುವ ಮುನ್ನ ಏನೇನು ನೋಡಬೇಕು?

ಸಭಾ ಸಮಿತಿಯ ಚುನಾವಣೆ ಹತ್ತಿರ ಬಂದಾಗ ಚರ್ಚ್ ಅಂಗಳದಲ್ಲಿ ಯಾವ ಮಾತು ಓಡಾಡುತ್ತದೆ ಅಂತ ಗಮನಿಸಿ. "ಅವರು ಚೆನ್ನಾಗಿ ಮಾತಾಡ್ತಾರೆ." "ಇವರಿಗೆ ಎಂಎಲ್‌ಎ ಪರಿಚಯ ಇದೆ, ಕೆಲಸ ಆಗುತ್ತೆ." "ಅವರ ಹತ್ತಿರ ದುಡ್ಡಿದೆ, ಹಾಲ್ ಕಟ್ಟಿಸಿ ಮುಗಿಸ್ತಾರೆ." "ನಮ್ಮ ಕಡೆಯವರು ಒಬ್ಬರಾದ್ರೂ ಇರಲಿ." ಸಭಾಹಿರಿಯರಲ್ಲಿ ಇರಬೇಕಾದ ಗುಣಗಳು ಅಂತ ಅಪೊಸ್ತಲ ಪೌಲನು ಬೈಬಲಿನಲ್ಲಿ ಕೊಟ್ಟ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಆ ಪಟ್ಟಿ ಇರುವುದು ಎರಡು ಕಡೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಒಂದು, ತೀತನಿಗೆ ಬರೆದ ಪತ್ರದ 1ನೇ ಅಧ್ಯಾಯದಲ್ಲಿ ಇನ್ನೊಂದು. ಇಬ್ಬರೂ ಪೌಲನ ಜೊತೆಗೆಲಸಗಾರರು. ತಿಮೊಥೆಯ ಎಫೆಸ ಪಟ್ಟಣದಲ್ಲಿದ್ದ. ತೀತ ಕ್ರೇತ ದ್ವೀಪದಲ್ಲಿದ್ದ. ಊರೂರಿಗೂ ಹಿರಿಯರನ್ನು ನೇಮಿಸುವ ಕೆಲಸ ತೀತನ ಹೆಗಲ ಮೇಲಿತ್ತು. ಎರಡನ್ನೂ ಒಟ್ಟಿಗಿಟ್ಟು ಓದಿ. ಪ್ರತಿಭೆ ಅಂತ ಕರೆಯಬಹುದಾದದ್ದು ಹೆಚ್ಚುಕಡಿಮೆ ಒಂದೇ, ಬೋಧಿಸಲು ಬರಬೇಕು ಎನ್ನುವುದು. ಉಳಿದದ್ದೆಲ್ಲ ನಡತೆ. ಮನೆ, ದುಡ್ಡು, ಸಿಟ್ಟು, ಕುಡಿತ, ನಾಲಿಗೆ, ಅತಿಥಿ ಸತ್ಕಾರ, ಹೊರಗಿನವರ ಅಭಿಪ್ರಾಯ. ಇವು ಯಾವುವೂ ಪ್ರಸಂಗಪೀಠದ ಮೇಲೆ ಕಾಣುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ಕಾಣುತ್ತವೆ. ಹಾಗಾಗಿ ನೋಡುವ ಜಾಗವನ್ನೇ ನಾವು ಬದಲಾಯಿಸಬೇಕು.

ಬಿಷಪ್ ಯಾರಾಗಬೇಕು, ನಮ್ಮ ಊರಿಗೆ ಯಾವ ಅಯ್ಯನವರು (ಪಾದ್ರಿ) ವರ್ಗವಾಗಿ ಬರಬೇಕು ಎನ್ನುವುದು ಬಹಳಷ್ಟು ಸಭೆಗಳಲ್ಲಿ ಸದಸ್ಯರ ಕೈಯಲ್ಲಿ ನೇರವಾಗಿ ಇರುವುದಿಲ್ಲ. ಆದರೆ ಸಮಿತಿ ಸದಸ್ಯರು, ಖಜಾಂಚಿ, ಕಾರ್ಯದರ್ಶಿ, ಸಂಡೇ ಸ್ಕೂಲ್ ಮುಖ್ಯಸ್ಥರು, ಸ್ವತಂತ್ರ ಸಭೆಗಳಲ್ಲಾದರೆ ಹಿರಿಯರು ಮತ್ತು ಪಾಸ್ಟರ್, ಇವರ ಆಯ್ಕೆಯಲ್ಲಿ ನಮ್ಮ ಮಾತಿಗೆ ಬೆಲೆ ಇದೆ. ಈ ಬರಹ ಅದಕ್ಕಾಗಿ.

ಹೆಜ್ಜೆ 1: ಪಟ್ಟಿ ಮೊದಲು, ಹೆಸರು ಆಮೇಲೆ

ಚುನಾವಣೆಗೆ ಮೂರ್ನಾಲ್ಕು ತಿಂಗಳು ಇರುವಾಗಲೇ ಶುರು ಮಾಡಿ. ಆ ಎರಡು ಅಧ್ಯಾಯಗಳ ಜೊತೆಗೆ ಅಪೊಸ್ತಲರ ಕೃತ್ಯಗಳು 6 ಮತ್ತು 20, ಪೇತ್ರನ ಮೊದಲ ಪತ್ರದ 5ನೇ ಅಧ್ಯಾಯ, ಇಷ್ಟನ್ನು ಸಭೆಯಲ್ಲಿ ಒಟ್ಟಿಗೆ ಓದಿ. ಮನೆಕೂಟಗಳಲ್ಲಿ ಓದಿದರೆ ಇನ್ನೂ ಒಳ್ಳೆಯದು, ಅಲ್ಲಿ ಜನ ಬಾಯಿ ಬಿಡುತ್ತಾರೆ. ಓದಿದ ಮೇಲೆ ನಮ್ಮ ಸಭೆಗೆ ಎಂಥವರು ಬೇಕು ಅಂತ ಒಂದೇ ಹಾಳೆಯಲ್ಲಿ, ನಿಮ್ಮದೇ ಮಾತಿನಲ್ಲಿ ಬರೆದಿಡಿ. ಆ ಹಾಳೆ ನೋಟಿಸ್ ಬೋರ್ಡಿಗೆ ಹೋಗಲಿ.

ಈ ಕ್ರಮ ಯಾಕೆ ಮುಖ್ಯ? ಹೆಸರು ಮೊದಲು ಮನಸ್ಸಿಗೆ ಬಂದುಬಿಟ್ಟರೆ ಆಮೇಲೆ ಪಟ್ಟಿಯನ್ನೇ ಆ ಮನುಷ್ಯನ ಅಳತೆಗೆ ಹೊಲಿಯುತ್ತೇವೆ. "ಸಿಟ್ಟು ಸ್ವಲ್ಪ ಜಾಸ್ತಿ, ಆದ್ರೆ ಮನಸ್ಸು ಒಳ್ಳೇದು" ಅಂತ ಶುರುವಾಗುತ್ತದೆ.

ಕೃತ್ಯಗಳು 6ನ್ನು ಸ್ವಲ್ಪ ನಿಧಾನವಾಗಿ ಓದಿ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ದೂರು ಬಂತು. ಅದಕ್ಕೆ ಏಳು ಜನರನ್ನು ಆರಿಸಿದರು. ಕೆಲಸ ಊಟ ಬಡಿಸುವುದು. ಆದರೂ ಅವರು ಒಳ್ಳೆಯ ಹೆಸರಿದ್ದವರು, ಪವಿತ್ರಾತ್ಮಭರಿತರು, ಜ್ಞಾನಿಗಳು ಆಗಿರಬೇಕು ಅಂತ ಅಪೊಸ್ತಲರು ಹೇಳಿದರು. ಊಟದ ಕೆಲಸ ತಾನೆ, ಯಾರಾದರೂ ನಡೆಯುತ್ತೆ ಅನ್ನಲಿಲ್ಲ.

ಇನ್ನೊಂದು ವಿಷಯ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಸ್ತೆಫನ, ಫಿಲಿಪ್ಪನಿಂದ ಹಿಡಿದು ಕೊನೆಯವನವರೆಗೆ ಆ ಏಳೂ ಹೆಸರು ಗ್ರೀಕ್ ಹೆಸರುಗಳು. ಅಂದರೆ ಅನ್ಯಾಯವಾಗಿದೆ ಅಂದವರ ಕಡೆಯವರ ಕೈಗೇ ಹಂಚುವ ಅಧಿಕಾರ ಕೊಟ್ಟಂತೆ ಕಾಣುತ್ತದೆ. ನಮ್ಮಲ್ಲಿ "ನಮ್ಮ ಕಡೆಯವರು ಇರಲಿ" ಅನ್ನುವುದು ಸಾಮಾನ್ಯವಾಗಿ ಜಾಸ್ತಿ ಇರುವ ಗುಂಪು ಇನ್ನೂ ಜಾಸ್ತಿ ಆಗಲು. ಅಲ್ಲಿ ನಡೆದದ್ದು ಅದಕ್ಕೆ ಪೂರ್ತಿ ಉಲ್ಟಾ. ಜಾತಿ, ಭಾಷೆ, ಊರಿನ ಲೆಕ್ಕದ ಮೇಲೆ ಪ್ಯಾನೆಲ್ ಕಟ್ಟುವ ಸಭೆಗಳು ಈ ಅಧ್ಯಾಯವನ್ನು ನಾಮಪತ್ರ ಕೊಡುವ ಮುಂಚೆಯೇ ಓದಬೇಕು.

ಹೆಂಗಸರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತಿಮೊಥೆಯನ ಪತ್ರದ ಅದೇ ಅಧ್ಯಾಯ ಸ್ತ್ರೀಯರ ಬಗ್ಗೆಯೂ ಹೇಳುತ್ತದೆ. ಅವರು ಚಾಡಿ ಹೇಳದವರು, ಎಲ್ಲದರಲ್ಲೂ ನಂಬಿಗಸ್ತರು ಆಗಿರಬೇಕು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಹೆಸರು ಹಿಡಿದು ಹೊಗಳುತ್ತಾನೆ. ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ, 1970ರ ದಶಕದಿಂದಲೇ ಹೆಂಗಸರಿಗೆ ಗುರುದೀಕ್ಷೆ ಕೊಡುತ್ತಿದ್ದಾರೆ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮಹಿಳಾ ಬಿಷಪ್ ಬಂದರು. ಬೇರೆ ಸಭೆಗಳಲ್ಲಿ ನಿಯಮ ಬೇರೆ ಇದೆ. ನಿಮ್ಮ ನಿಯಮ ಏನೇ ಇರಲಿ, ಗುಣಗಳ ಪಟ್ಟಿ ಇಬ್ಬರಿಗೂ ಅಷ್ಟೇ ಗಟ್ಟಿಯಾಗಿರಲಿ. ಸ್ತ್ರೀಯರ ಕೂಟದ ಕಾರ್ಯದರ್ಶಿ ಅಂದ್ರೆ ಸುಮ್ನೆ ಒಂದು ಹೆಸರು ಹಾಕೋದು ಅಂತ ಆಗಬಾರದು.

ಹೆಜ್ಜೆ 2: ಆತುರ ಬೇಡ

ಹೊಸದಾಗಿ ನಂಬಿಕೆಗೆ ಬಂದವನನ್ನು ಮೇಲೆ ಕೂರಿಸಬೇಡಿ, ತಲೆ ತಿರುಗೀತು ಅನ್ನುವುದು ಪಟ್ಟಿಯಲ್ಲಿರುವ ಎಚ್ಚರಿಕೆ. ಇದನ್ನು ಮೀರುವ ಚಟ ಹಳೆಯದು. 325ರಲ್ಲಿ ನಿಕೇಯದಲ್ಲಿ ಸೇರಿದ ಮಹಾಸಭೆ ತನ್ನ ಎರಡನೇ ನಿಯಮದಲ್ಲೇ ಈ ವಿಷಯ ಎತ್ತಿತು. ಸ್ವಲ್ಪ ಕಾಲ ಕಲಿತು ದೀಕ್ಷಾಸ್ನಾನ ಪಡೆದವರನ್ನು ಕೂಡಲೇ ಬಿಷಪ್, ಪ್ರೆಸ್ಬಿಟರ್ (ಅಂದರೆ ಸಭೆಯ ಹಿರಿಯ) ಮಾಡುತ್ತಿದ್ದಾರೆ, ಇನ್ನು ಮುಂದೆ ಹಾಗೆ ಆಗಬಾರದು ಅಂತ ಬರೆಯಿತು.

ಇದಾಗಿ ಐವತ್ತು ವರ್ಷವೂ ಆಗಿರಲಿಲ್ಲ, 374ರಲ್ಲಿ ಮಿಲಾನ್ ನಗರದ ಜನ ಅಂಬ್ರೋಸ್ ಎಂಬ ರಾಜ್ಯಪಾಲನನ್ನೇ ಬಿಷಪ್ ಆಗು ಅಂತ ಕೂಗಿ ಒತ್ತಾಯ ಮಾಡಿದರು. ಅವನಿಗೆ ಇನ್ನೂ ದೀಕ್ಷಾಸ್ನಾನವೇ ಆಗಿರಲಿಲ್ಲ. ಕೆಲವೇ ದಿನಗಳಲ್ಲಿ ಸ್ನಾನವೂ ಆಯಿತು, ಬಿಷಪ್ ಪಟ್ಟವೂ ಆಯಿತು. ಅಂಬ್ರೋಸ್ ದೊಡ್ಡ ಬಿಷಪ್ ಆದ, ನಿಜ. ಅದಕ್ಕೇ ಈಗಲೂ ಅವನನ್ನು ಎತ್ತಿ ತೋರಿಸುವವರಿದ್ದಾರೆ. ಆದರೆ ಆ ಊರಿನ ಜನ ಅವನನ್ನು ಆಡಳಿತಗಾರನಾಗಿ ಮೊದಲೇ ಕಂಡಿದ್ದರು. ಪಟ್ಟ ಸಿಕ್ಕ ಮೇಲೆ ಅವನು ತನ್ನ ಬೆಳ್ಳಿ ಬಂಗಾರ ಹಂಚಿದ. ನಿಮ್ಮ ಅಭ್ಯರ್ಥಿ ಅಂಬ್ರೋಸ್ ಅಂತ ನಿಮಗೆ ಅನ್ನಿಸಿದರೆ ಅವರ ಬೆಳ್ಳಿ ಬಂಗಾರದ ಬಗ್ಗೆಯೂ ಕೇಳಿ ನೋಡಿ!

ಮಾಡಬೇಕಾದದ್ದು ಇಷ್ಟು. ಯಾರನ್ನೇ ಆಗಲಿ ಮೊದಲು ಸಣ್ಣ ಕೆಲಸಕ್ಕೆ ಹಚ್ಚಿ, ಒಂದೆರಡು ವರ್ಷ ನೋಡಿ. ಸುಗ್ಗಿ ಹಬ್ಬದ ಏಲಂ ಲೆಕ್ಕ ಬರೆಯುವುದು. ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವುದು. ಆರಾಧನೆ ಮುಗಿದ ಮೇಲೆ ಕುರ್ಚಿ ಜೋಡಿಸಿಡುವುದು. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ತರಗತಿ. ಮೊದಲು ಪರೀಕ್ಷೆ, ಆಮೇಲೆ ಸೇವೆ ಅಂತ ಪೌಲನೇ ಸಭಾಸೇವಕರ ವಿಷಯದಲ್ಲಿ ಹೇಳಿದ್ದಾನೆ. ಏಲಂ ಲೆಕ್ಕ ಮೂರು ವಾರ ತಡವಾಗಿ ಕೊಟ್ಟವರ ಕೈಗೆ ಸಭೆಯ ಬ್ಯಾಂಕ್ ಖಾತೆ ಕೊಡಬೇಕಾ ಅಂತ ಆಮೇಲೆ ಚರ್ಚೆ ಮಾಡುವ ಅಗತ್ಯವೇ ಬರುವುದಿಲ್ಲ.

ಹೆಜ್ಜೆ 3: ಚರ್ಚಿನ ಹೊರಗೆ ವಿಚಾರಿಸಿ

ಸಭೆಯ ಹೊರಗಿನವರ ಬಾಯಲ್ಲಿ ಒಳ್ಳೆಯ ಹೆಸರಿರಬೇಕು. ಪಟ್ಟಿಯಲ್ಲಿ ಸಾಮಾನ್ಯವಾಗಿ ಯಾರೂ ಮುಟ್ಟದ ಅಂಶ ಇದು. ಮದುವೆ ಸಂಬಂಧ ಕುದುರಿಸುವಾಗ ನಮ್ಮ ಜನ ಎಷ್ಟು ಕಡೆ ವಿಚಾರಿಸುತ್ತಾರೆ! ಸಭೆಯ ಹಿರಿಯರ ವಿಷಯದಲ್ಲಿ ಒಬ್ಬರನ್ನೂ ಕೇಳುವುದಿಲ್ಲ.

ಯಾರನ್ನು ಕೇಳಬೇಕು? ಅವರ ಕೈಕೆಳಗೆ ಕೆಲಸ ಮಾಡುವವರನ್ನು. ಮೇಲಧಿಕಾರಿ ಬೇಡ, ಮೇಲಿನವರ ಮುಂದೆ ಎಲ್ಲರೂ ಸೌಮ್ಯವಾಗಿಯೇ ಇರುತ್ತಾರೆ. ಪಕ್ಕದ ಮನೆಯವರು, ಅವರು ಯಾವ ಧರ್ಮದವರೇ ಆಗಿರಲಿ. ಅಂಗಡಿ ಇಟ್ಟಿದ್ದರೆ ಸಾಮಾನು ಹಾಕುವವರು. ಬಾಡಿಗೆ ಮನೆಯಲ್ಲಿದ್ದರೆ ಮನೆ ಮಾಲೀಕರು, ಇವರೇ ಮಾಲೀಕರಾದರೆ ಬಾಡಿಗೆದಾರರು. ಮನೆಗೆಲಸದವರಿಗೆ ಸಂಬಳ ಸರಿಯಾಗಿ ಕೊಡುತ್ತಾರಾ ಅಂತ ತಿಳಿದುಕೊಂಡರೆ ಪ್ರಾರ್ಥನೆಯ ಉದ್ದ ಅಳೆಯುವುದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ಇದು ಪತ್ತೇದಾರಿ ಕೆಲಸ ಆಗಬಾರದು. ಯಾರ ಹೆಸರು ಸೂಚಿತವಾಗಿದೆಯೋ ಅವರಿಗೆ ಮೊದಲೇ ತಿಳಿಸಿ: "ನಿಮ್ಮನ್ನು ಬಲ್ಲ ಇಬ್ಬರು ಮೂವರನ್ನು ಮಾತಾಡಿಸ್ತೀವಿ, ನಿಮಗೆ ಒಪ್ಪಿಗೆ ಇದೆಯಾ?" ಬೇಡ ಅಂದರೆ ಅಲ್ಲಿಗೆ ಬಿಡಿ, ಹೆಸರನ್ನೂ ಬಿಡಿ. ವಿಚಾರಿಸಲು ಹೋಗುವವರು ಇಬ್ಬರಿರಲಿ. ಕೇಳಿದ್ದು ಆ ಇಬ್ಬರಲ್ಲೇ ಉಳಿಯಲಿ, ವಾಟ್ಸಾಪ್ ಗುಂಪಿಗೆ ಹೋಗಬಾರದು. ಒಬ್ಬರ ಮಾತು ಕೇಳಿ ತೀರ್ಮಾನ ಮಾಡಬೇಡಿ, ಹಳೇ ಜಗಳದ ಹೊಗೆ ಎಲ್ಲಿಂದ ಬರುತ್ತಿದೆಯೋ ಗೊತ್ತಿರುವುದಿಲ್ಲ.

ಹೆಜ್ಜೆ 4: ದುಡ್ಡು

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು. ಸಭೆಗಳು ಒಡೆಯುವುದು ಉಪದೇಶದ ವಿಷಯಕ್ಕೆ ಅಂತ ನಾವು ಹೇಳಿಕೊಳ್ಳುತ್ತೇವೆ. ಒಳಗೆ ಕೆದಕಿ ನೋಡಿದರೆ ಬಹಳ ಸಲ ಜಾಗ, ಶಾಲೆ, ಬಾಡಿಗೆ, ಕಾಣಿಕೆ.

ಹಣದಾಸೆ ಇಲ್ಲದವರಾಗಿರಬೇಕು ಅಂತ ಎರಡೂ ಪಟ್ಟಿಗಳಲ್ಲಿದೆ. ಪೇತ್ರನ ಪತ್ರದಲ್ಲೂ ಇದೆ. ಅಪೊಸ್ತಲರ ಕಾಲಕ್ಕೆ ಹತ್ತಿರದ ದಿದಾಖೆ ಎಂಬ ಚಿಕ್ಕ ಕೈಪಿಡಿಯೂ ಹಿರಿಯರು ಹಣದ ಮೋಹವಿಲ್ಲದವರೂ ಸತ್ಯವಂತರೂ ಪರೀಕ್ಷೆಯಲ್ಲಿ ಗೆದ್ದವರೂ ಆಗಿರಬೇಕು ಅನ್ನುತ್ತದೆ. ಅದರ ಪ್ರತಿ ನಮ್ಮ ಕಾಲಕ್ಕೆ ಸಿಕ್ಕಿದ್ದು 1873ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಊರಿಂದೂರಿಗೆ ತಿರುಗುವ ಬೋಧಕರ ಬಗ್ಗೆ ಅದರಲ್ಲಿರುವ ನಿಯಮ ನೋಡಿ. ಬಂದವನು ಒಂದು ದಿನ ಉಳಿಯಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ತೆಗೆದುಕೊಳ್ಳಲಿ. ದುಡ್ಡು ಕೇಳಿದರೆ ಅವನೂ ಸುಳ್ಳು ಪ್ರವಾದಿ. ಇಂದಿನ ಎಷ್ಟು ಉಜ್ಜೀವನ ಕೂಟಗಳು ಈ ಜರಡಿಯಲ್ಲಿ ನಿಲ್ಲುತ್ತವೆ ಅಂತ ಯೋಚನೆ ಮಾಡಿ.

ಅಭ್ಯರ್ಥಿಯ ವಿಷಯದಲ್ಲಿ ಗಮನಿಸಬೇಕಾದ ಸಂಗತಿಗಳು ಇವು. ಸಾಲ ಇದೆಯಾ ಎನ್ನುವುದು ದೊಡ್ಡದಲ್ಲ, ಸಾಲ ಇಲ್ಲದವರು ಯಾರಿದ್ದಾರೆ? ಆದರೆ ಸಭೆಯ ಸದಸ್ಯರಿಂದಲೇ ಕೈಸಾಲ ಪಡೆದು ತೀರಿಸದೆ ಇದ್ದಾರಾ? ಚೀಟಿ ನಡೆಸಿ ಜನರ ದುಡ್ಡು ನಿಲ್ಲಿಸಿಕೊಂಡಿದ್ದಾರಾ? ಸಭೆಯ ಕಟ್ಟಡದ ಗುತ್ತಿಗೆ, ಶಾಲೆಯ ಪುಸ್ತಕ ಸರಬರಾಜು, ಬಾಡಿಗೆ ಮಳಿಗೆ, ಇವುಗಳಲ್ಲಿ ಅವರಿಗೋ ಅವರ ಮನೆಯವರಿಗೋ ಲಾಭ ಇದೆಯಾ? ಇದ್ದರೆ ಆ ವ್ಯವಹಾರ ಬಿಡಬೇಕು ಅಥವಾ ಹುದ್ದೆ ಬಿಡಬೇಕು. ಎರಡನ್ನೂ ಇಟ್ಟುಕೊಂಡು ಪ್ರಾಮಾಣಿಕವಾಗಿರುತ್ತೇನೆ ಅನ್ನುವವರ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಸಭೆ ಯಾಕೆ ಖರ್ಚು ಮಾಡಬೇಕು?

ದೊಡ್ಡ ಕಾಣಿಕೆ ಕೊಟ್ಟವರು ಅನ್ನುವುದು ಅರ್ಹತೆ ಅಲ್ಲ. ಯಾಕೋಬನ ಪತ್ರದ 2ನೇ ಅಧ್ಯಾಯ ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಹರಕು ಬಟ್ಟೆಯವನಿಗೆ ಕಾಲಬಳಿ ಜಾಗ ಕೊಡುವ ಸಭೆಯನ್ನು ನೇರವಾಗಿ ಬೈಯುತ್ತದೆ.

ಗುಣ ನೋಡಿದ ಮಾತ್ರಕ್ಕೆ ವ್ಯವಸ್ಥೆ ಬೇಡ ಅಂತಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಕೂಡಿಸಿದ ಹಣವನ್ನು ಪೌಲನು ಒಬ್ಬನ ಕೈಲಿ ಕಳಿಸಲಿಲ್ಲ. ಸಭೆಗಳೇ ಆರಿಸಿದ ಇನ್ನೊಬ್ಬನನ್ನು ಜೊತೆಗೆ ಹಾಕಿದ. ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಕಣ್ಣಿಗೂ ಸರಿಯಾಗಿ ಕಾಣಬೇಕು ಅಂತ ಕಾರಣ ಕೊಟ್ಟ. ಇದು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿದೆ. ಕಥೋಲಿಕ ಸಭೆಯ 1983ರ ಕ್ಯಾನನ್ ಕಾನೂನಿನಲ್ಲೂ ಪ್ರತಿ ಧರ್ಮಕೇಂದ್ರಕ್ಕೆ ಹಣಕಾಸು ಸಮಿತಿ ಇರಲೇಬೇಕು ಅಂತಿದೆ. ನಿಮ್ಮಲ್ಲಿ ಕನಿಷ್ಠ ಇಷ್ಟಾದರೂ ಆಗಲಿ:

- ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕುವುದು.
- ಬ್ಯಾಂಕ್ ಖಾತೆ ಸಭೆಯ ಹೆಸರಿನಲ್ಲಿ, ಎರಡು ಸಹಿ ಬೇಕಾಗುವಂತೆ.
- ಗೋಡೆಗೆ ಅಂಟಿಸಿರುವ ಕ್ಯೂಆರ್ ಕೋಡ್ ಯಾರ ಖಾತೆಯದು ಅಂತ ಒಮ್ಮೆ ಸ್ಕ್ಯಾನ್ ಮಾಡಿ ನೋಡುವುದು. ಯಾರದೋ ಸ್ವಂತ ಹೆಸರು ಬಂದರೆ ಅದನ್ನು ಅವತ್ತೇ ತೆಗೆಸುವುದು.
- ತಿಂಗಳ ಲೆಕ್ಕ ನೋಟಿಸ್ ಬೋರ್ಡಿನಲ್ಲಿ, ವರ್ಷದ ಲೆಕ್ಕಕ್ಕೆ ಹೊರಗಿನ ಆಡಿಟರ್.

ಈ ನಾಲ್ಕು ನಿಯಮ ಹೇಳಿದಾಗ "ಹಾಗಾದ್ರೆ ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳಿದವರನ್ನು ಖಜಾಂಚಿ ಮಾಡಬೇಡಿ. ಯೇಸುವಿನ ಹನ್ನೆರಡು ಮಂದಿಯಲ್ಲಿ ಹಣದ ಚೀಲ ಇದ್ದದ್ದು ಅವನನ್ನು ಹಿಡಿದುಕೊಟ್ಟ ಯೂದನ ಹತ್ತಿರ ಅಂತ ಎಲ್ಲರಿಗೂ ಗೊತ್ತಿದೆ.

ಹೆಜ್ಜೆ 5: ಸೋತಾಗ ಹೇಗಿರುತ್ತಾರೆ?

ಹೊಡೆದಾಟದವನಾಗಿರಬಾರದು, ಬೇಗ ಸಿಟ್ಟಾಗುವವನಾಗಿರಬಾರದು, ತನ್ನದೇ ನಡೆಯಬೇಕು ಅನ್ನುವವನಾಗಿರಬಾರದು. ಇವು ಪಟ್ಟಿಯಲ್ಲಿ ಬೇರೆ ಬೇರೆ ಇದ್ದರೂ ಒಂದೇ ಕಡೆ ಪರೀಕ್ಷಿಸಬಹುದು. ಹಿಂದಿನ ಜನರಲ್ ಬಾಡಿ ಮೀಟಿಂಗುಗಳನ್ನು ನೆನಪಿಸಿಕೊಳ್ಳಿ. ಅವರ ಮಾತು ಬಿದ್ದುಹೋದ ದಿನ ಏನು ಮಾಡಿದರು? ಮೈಕ್ ಕಿತ್ತುಕೊಂಡರಾ? ಎದ್ದು ಹೋದರಾ? ಆರು ತಿಂಗಳು ಆರಾಧನೆಗೇ ಬರಲಿಲ್ವಾ? ಅಥವಾ ಬೇರೆಯವರು ತೆಗೆದುಕೊಂಡ ತೀರ್ಮಾನಕ್ಕೆ ತಾವೂ ಕೈ ಜೋಡಿಸಿ ದುಡಿದರಾ? ಕೊನೆಯದು ಮಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಪ್ರಸಂಗ ಮಾಡಲು ಬಾರದಿದ್ದರೂ ಪರವಾಗಿಲ್ಲ, ಇಂಥವರು ಸಮಿತಿಯಲ್ಲಿದ್ದರೆ ಸಭೆ ಉಳಿಯುತ್ತದೆ.

ಕೆಟ್ಟ ಮಾದರಿಯೂ ಬೈಬಲಿನಲ್ಲೇ ಇದೆ. ಯೋಹಾನನ ಮೂರನೇ ಪತ್ರದಲ್ಲಿ ದಿಯೊತ್ರೇಫ ಅಂತ ಒಬ್ಬ ಬರುತ್ತಾನೆ. ಅವನ ಉಪದೇಶ ತಪ್ಪು ಅಂತ ಆ ಪತ್ರ ಎಲ್ಲೂ ಹೇಳುವುದಿಲ್ಲ. ಅವನ ಲಕ್ಷಣಗಳೇ ಬೇರೆ. ಎಲ್ಲರಿಗಿಂತ ಮೊದಲು ತಾನಿರಬೇಕು. ಅಪೊಸ್ತಲನ ಬಗ್ಗೆಯೇ ಹರಟೆ ಕೊಚ್ಚುತ್ತಾನೆ. ಬಂದ ಸಹೋದರರನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳುವವರನ್ನು ಸಭೆಯಿಂದ ಹೊರಗೆ ಹಾಕುತ್ತಾನೆ. ಎರಡು ಸಾವಿರ ವರ್ಷದ ಹಿಂದಿನ ಈ ಚಿತ್ರವನ್ನು ಓದುವಾಗ ನಿಮಗೆ ಯಾರದಾದರೂ ಮುಖ ನೆನಪಾದರೆ ಆಶ್ಚರ್ಯ ಇಲ್ಲ.

ನಿಮ್ಮ ಅಭ್ಯರ್ಥಿಯನ್ನು ತಿದ್ದಬಲ್ಲವರು ಯಾರಾದರೂ ಇದ್ದಾರಾ ಅಂತಲೂ ನೋಡಿ. ಅಂತಿಯೋಕ್ಯ ಪಟ್ಟಣದಲ್ಲಿ, ಅಪೊಸ್ತಲರಲ್ಲಿ ಮುಂದಾಳಾದ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಹಿಂದೆ ಸರಿದ. ಪೌಲನು ಎಲ್ಲರ ಎದುರಿಗೇ ಅವನನ್ನು ಖಂಡಿಸಿದ. ಅದು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ವಿಷಯ ಅನ್ನುವುದನ್ನು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೇತ್ರನಿಗೇ ಹೇಳುವವರು ಒಬ್ಬರು ಇದ್ದರು. ನಿಮ್ಮ ಅಭ್ಯರ್ಥಿಗೆ ತಪ್ಪು ಹೇಳಿ ಆಮೇಲೂ ಸ್ನೇಹಿತರಾಗಿಯೇ ಉಳಿದವರು ಯಾರಾದರೂ ಇದ್ದಾರಾ? ಒಬ್ಬರೂ ಇಲ್ಲ ಅಂದರೆ ಕಾಯಿರಿ.

ಹೆಜ್ಜೆ 6: ಮನೆ

ಮನೆಯನ್ನು ಚೆನ್ನಾಗಿ ನಡೆಸದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ ಪೌಲನ ಪ್ರಶ್ನೆ. ಇದನ್ನು ಹಿಡಿದುಕೊಂಡು ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡುವವರಿದ್ದಾರೆ. ಮಗ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ ಅಂತ ಒಳ್ಳೆಯ ಹಿರಿಯರನ್ನು ಕೆಳಗಿಳಿಸಿದ ಸಭೆಗಳೂ ಇರುತ್ತವೆ. ಅದು ಪಟ್ಟಿಯ ತಪ್ಪು ಬಳಕೆ ಅಂತ ನನ್ನ ಅಭಿಪ್ರಾಯ. ಬೆಳೆದ ಮಕ್ಕಳ ಆಯ್ಕೆಗೆಲ್ಲ ತಂದೆತಾಯಿಯನ್ನು ಹೊಣೆ ಮಾಡಲಾಗದು.

ಯಾಜಕ ಏಲಿಯ ಕಥೆಯಿಂದ ಅಳತೆ ಸಿಗುತ್ತದೆ. ಅವನ ಮಕ್ಕಳು ಜನ ತಂದ ಬಲಿಯ ಮಾಂಸವನ್ನು ಬಲವಂತದಿಂದ ಕಿತ್ತುಕೊಳ್ಳುತ್ತಿದ್ದರು, ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುವ ಹೆಂಗಸರನ್ನು ಕೆಡಿಸುತ್ತಿದ್ದರು. ಏಲಿಗೆ ಅದು ಗೊತ್ತಿತ್ತು. ಬಾಯಲ್ಲಿ ಬುದ್ಧಿ ಹೇಳಿದ, ಆದರೆ ತಡೆಯಲಿಲ್ಲ. ಮಕ್ಕಳು ಹಾದಿ ತಪ್ಪಿದ್ದರೂ ಅವರನ್ನು ಪವಿತ್ರ ಕೆಲಸದಲ್ಲೇ ಮುಂದುವರಿಸಿದ್ದು ಅವನ ಅಪರಾಧ. ಹಾಗಾಗಿ ನೀವು ಕೇಳಬೇಕಾದದ್ದು ಮಗ ಹೇಗಿದ್ದಾನೆ ಅಂತಲ್ಲ. ಮಗನಿಗೆ, ಅಳಿಯನಿಗೆ ಸಭೆಯ ಸಂಸ್ಥೆಯಲ್ಲಿ ಕೆಲಸ ಕೊಡಿಸಿ ಅವರ ತಪ್ಪು ಮುಚ್ಚುತ್ತಾರಾ ಅಂತ.

ಮನೆಯಲ್ಲಿ ಹೊಡೆತ ಇದೆಯಾ ಎನ್ನುವುದು ಇನ್ನೂ ಮುಖ್ಯ. ಹೆಂಡತಿಯ ಮೇಲೆ ಕೈ ಮಾಡುವವರಿಗೆ ಯಾವ ಹುದ್ದೆಯೂ ಬೇಡ. ಇಲ್ಲಿ "ಅದು ಅವರ ಮನೆ ವಿಷಯ" ಅನ್ನುವ ಮಾತು ನಡೆಯುವುದಿಲ್ಲ, ಪಟ್ಟಿಯೇ ಮನೆಯೊಳಗೆ ಹೋಗಿದೆ. ಕುಡಿತವೂ ಅಷ್ಟೇ. ಕುಡಿಯುವುದೇ ತಪ್ಪೋ, ಅಮಲೇರುವುದು ತಪ್ಪೋ ಅಂತ ಸಭೆಯಿಂದ ಸಭೆಗೆ ನಿಲುವು ಬೇರೆ. ಎಲ್ಲರೂ ಒಪ್ಪುವ ಗೆರೆ ಒಂದಿದೆ: ಕುಡಿತಕ್ಕೆ ಅಡಿಯಾಳಾದವರು ಬೇಡ. "ಒಬ್ಬಳೇ ಹೆಂಡತಿ" ಎನ್ನುವ ಮಾತಿನ ಮೇಲೆ ವಿಧುರರು, ವಿಚ್ಛೇದನ ಆದವರ ಬಗ್ಗೆ ಬಹಳ ವಾದ ಇದೆ. ಅದಕ್ಕೆ ನಿಮ್ಮ ಸಭೆಯ ಸಂವಿಧಾನ ಏನು ಹೇಳುತ್ತದೋ ನೋಡಿಕೊಳ್ಳಿ. ದಾಂಪತ್ಯದಲ್ಲಿ ನಿಷ್ಠೆ ಬೇಕು ಅನ್ನುವುದರಲ್ಲಿ ವಾದ ಇಲ್ಲ.

ಅತಿಥಿ ಸತ್ಕಾರವೂ ಮನೆಯ ವಿಷಯವೇ. ಬಿಷಪ್ ಬಂದಾಗ ಬಿರಿಯಾನಿ ಮಾಡಿಸುವುದು ಸತ್ಕಾರವೇ ಸರಿ. ಆದರೆ ಸಭೆಗೆ ಹೊಸದಾಗಿ ಬಂದ ಕೂಲಿ ಕುಟುಂಬ ಇವರ ಮನೆಯ ಕುರ್ಚಿಯಲ್ಲಿ ಕೂತು ಟೀ ಕುಡಿದಿದೆಯಾ? ಇವರು ಅವರ ಮನೆಯಲ್ಲಿ ನೀರು ಕುಡಿದಿದ್ದಾರಾ?

ಹೆಜ್ಜೆ 7: ಬೋಧನೆ

ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ, ನಾವು ಅತಿಯಾಗಿ ನೋಡುವುದೇ ಇದನ್ನು. ಪಾಸ್ಟರ್ ಅಥವಾ ಬೋಧಿಸುವ ಹಿರಿಯರಿಗೆ ವಾಕ್ಯದಲ್ಲಿ ಗಟ್ಟಿ ಹಿಡಿತ ಇರಬೇಕು, ತಪ್ಪು ಉಪದೇಶ ಬಂದಾಗ ಉತ್ತರ ಕೊಡಲು ಬರಬೇಕು ಅಂತ ತೀತನ ಪತ್ರ ಹೇಳುತ್ತದೆ. ಲೆಕ್ಕ ನೋಡುವವರಿಗೆ, ಊಟ ಹಂಚುವವರಿಗೆ ಆ ಷರತ್ತು ಇಲ್ಲ. ದೊಡ್ಡ ಕಂಠ, ಕಣ್ಣೀರು, ಗಂಟೆಗಟ್ಟಲೆ ಪ್ರಾರ್ಥನೆ ಇವು ಎಲ್ಲೂ ಇಲ್ಲ.

ಹೆಜ್ಜೆ 8: ಎದುರು ಕೂತು ಕೇಳಿ

ಇಷ್ಟಾದ ಮೇಲೆ ಅವರನ್ನೇ ಕರೆದು ಮಾತಾಡಿಸಿ. ಸಭಾಪಾಲಕರ ಜೊತೆ ಇನ್ನಿಬ್ಬರು ಇದ್ದರೆ ಸಾಕು. ಕಾಫಿ ಕೊಟ್ಟು, ಸಮಾಧಾನದಿಂದ. ಕೇಳಬಹುದಾದ ಪ್ರಶ್ನೆಗಳು:

- ಈ ಕೆಲಸ ಯಾಕೆ ಮಾಡಬೇಕು ಅಂತ ಇದ್ದೀರಿ?
- ಸಭೆಯಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀರಾ? ಸರಿ ಮಾಡಿಕೊಳ್ಳಲು ಏನು ಮಾಡಿದಿರಿ?
- ನೀವು ವಿರೋಧಿಸಿದ ತೀರ್ಮಾನ ಪಾಸಾದರೆ ಏನು ಮಾಡುತ್ತೀರಿ?
- ಸಭೆಯ ಜೊತೆ ನಿಮಗೆ, ಮನೆಯವರಿಗೆ ಹಣದ ವ್ಯವಹಾರ ಇದೆಯಾ?
- ಮನೆಯವರು ಇದಕ್ಕೆ ಒಪ್ಪಿದ್ದಾರಾ?

ಮೊದಲ ಪ್ರಶ್ನೆಗೆ ಉತ್ತರ ಕೇಳುವಾಗ ಒಂದು ಮಾತು ನೆನಪಿರಲಿ. ಹಿರಿಯನಾಗಲು ಬಯಸುವವನು ಒಳ್ಳೆಯ ಕೆಲಸವನ್ನೇ ಬಯಸುತ್ತಾನೆ ಅಂತ ಪೌಲನು ಬರೆದಿದ್ದಾನೆ, ಅಭ್ಯರ್ಥಿಗಳು ಇದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. 590ರಲ್ಲಿ ರೋಮಿನ ಪೋಪ್ ಆದ ಗ್ರೆಗರಿ ಇದಕ್ಕೆ ಚೆನ್ನಾಗಿ ಉತ್ತರ ಕೊಟ್ಟಿದ್ದಾನೆ. ಪೌಲನು ಅದನ್ನು ಬರೆದ ಕಾಲದಲ್ಲಿ ಸಭೆಯ ಮುಂದಾಳಾದವನೇ ಹಿಂಸೆಗೆ ಮೊದಲು ಸಿಕ್ಕುತ್ತಿದ್ದ, ಹಾಗಾಗಿ ಆಗ ಅದನ್ನು ಬಯಸುವುದು ಹೊಗಳಿಕೆಗೆ ತಕ್ಕದ್ದು ಅಂತ. ಈಗ ಸಿಗುವುದು ಹಾರ, ಮುಂದಿನ ಸಾಲಿನ ಕುರ್ಚಿ, ಕರಪತ್ರದಲ್ಲಿ ಫೋಟೋ.

ಒಪ್ಪಿಗೆ ಆಗದಿದ್ದರೆ ಅವರಿಗೇ ನೇರವಾಗಿ, ಖಾಸಗಿಯಾಗಿ, ಕಾರಣ ಹೇಳಿ ತಿಳಿಸಿ. "ಈ ಸಲ ಬೇಡ ಅಣ್ಣಾ, ಆ ಜಗಳ ಮೊದಲು ಮುಗಿಸಿಕೊಳ್ಳೋಣ" ಅಂತ ಹೇಳಿದರೆ ಕೆಲವರು ನಿಜವಾಗಿಯೂ ಹೋಗಿ ಮುಗಿಸಿಕೊಳ್ಳುತ್ತಾರೆ.

ಹೆಜ್ಜೆ 9: ತಕ್ಕವರು ಸಿಗದಿದ್ದರೆ

ಸಂವಿಧಾನ ಅವಕಾಶ ಕೊಟ್ಟರೆ ಜಾಗ ಖಾಲಿ ಬಿಡಿ. ಏಳು ಜನರ ಸಮಿತಿಯಲ್ಲಿ ಐವರಿದ್ದರೆ ಕೆಲಸ ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ. ಖಾಲಿ ಬಿಡಲು ಆಗದಿದ್ದರೆ ಅವಧಿ ಚಿಕ್ಕದಿರಲಿ, ಹಣದ ಹೊಣೆ ಕೊಡಬೇಡಿ.

ಇಲ್ಲಿ ಇನ್ನೊಂದು ತುದಿಗೂ ಹೋಗಬಾರದು. ಪಟ್ಟಿಗೆ ನೂರಕ್ಕೆ ನೂರು ಹೊಂದುವವರನ್ನು ಹುಡುಕಿದರೆ ಯಾರೂ ಸಿಗುವುದಿಲ್ಲ. ದೋಷಾರೋಪಣೆ ಇಲ್ಲದವನು ಅಂದರೆ ಪಾಪವೇ ಮಾಡದವನು ಅಂತ ಓದಿದರೆ ಮೂರು ಸಲ ಗುರುವನ್ನೇ ಅಲ್ಲಗಳೆದ ಪೇತ್ರನಿಗೂ ಜಾಗ ಇಲ್ಲ. ಹಳೆಯ ತಪ್ಪನ್ನು ಒಪ್ಪಿಕೊಂಡು ಸರಿಪಡಿಸಿ ವರ್ಷಗಳಿಂದ ನೆಟ್ಟಗೆ ಬದುಕುತ್ತಿರುವವರು ಬೇರೆ, ಮುಚ್ಚಿಟ್ಟುಕೊಂಡಿರುವವರು ಬೇರೆ.

ಹೆಜ್ಜೆ 10: ದೂರು ಬಂದಾಗ

ಆರಿಸಿದ ಮೇಲೆ ದೂರು ಬರಬಹುದು. ಇಬ್ಬರು ಮೂವರ ಸಾಕ್ಷಿ ಇಲ್ಲದೆ ಹಿರಿಯನ ಮೇಲಿನ ದೂರನ್ನು ಒಪ್ಪಬೇಡ, ತಪ್ಪು ಮುಂದುವರಿಸುವವರನ್ನು ಎಲ್ಲರ ಮುಂದೆ ಖಂಡಿಸು, ಮುಖ ನೋಡಿ ಮಣೆ ಹಾಕಬೇಡ. ಈ ಮೂರೂ ತಿಮೊಥೆಯನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಒಟ್ಟಿಗೆ ಇವೆ. ಮೊದಲನೆಯದನ್ನು ಮಾತ್ರ ಓದಿ ಉಳಿದ ಎರಡನ್ನು ಬಿಡುವುದು ನಮ್ಮ ಅಭ್ಯಾಸ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಸಾಕ್ಷಿ ಎಣಿಸುತ್ತಾ ಕೂರುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಶಿಕ್ಷೆ ಇದೆ. ತನ್ನ ಕೈಕೆಳಗಿನವರ ವಿಷಯದಲ್ಲಿ ಸುಮ್ಮನಿದ್ದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಮಕ್ಕಳ ಸಹಾಯವಾಣಿ 1098. "ಸಭೆಯ ಹೆಸರು ಕೆಡುತ್ತೆ, ಒಳಗೇ ಮುಗಿಸೋಣ" ಅನ್ನುವ ಹಿರಿಯರು ಹಿರಿಯರಾಗಿರಲು ತಕ್ಕವರಲ್ಲ, ಕಾನೂನಿನ ಪ್ರಕಾರವೂ ತಪ್ಪು ಮಾಡುತ್ತಿದ್ದಾರೆ. ಮಕ್ಕಳ ಜೊತೆ ಕೆಲಸ ಮಾಡುವವರು ಯಾವಾಗಲೂ ಇಬ್ಬರಿರಲಿ, ಬಾಗಿಲು ತೆರೆದಿರಲಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಚರ್ಚ್ ಶಾಲೆ, ಆಸ್ಪತ್ರೆಗಳಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು.

ತಪ್ಪು ಸಾಬೀತಾಗಿ ಹುದ್ದೆಯಿಂದ ಇಳಿಸಿದವರನ್ನು ಹೇಗೆ ನಡೆಸಿಕೊಳ್ಳುವುದು? ಎರಡನೇ ಶತಮಾನದಲ್ಲಿ ಫಿಲಿಪ್ಪಿಯ ಸಭೆಯಲ್ಲಿ ವಾಲೆನ್ಸ್ ಎಂಬ ಹಿರಿಯ ದುಡ್ಡಿನ ವಿಷಯದಲ್ಲಿ ಕೆಟ್ಟ. ಸ್ಮುರ್ನದ ಬಿಷಪ್ ಪಾಲಿಕಾರ್ಪ್ ಆ ಸಭೆಗೆ ಪತ್ರ ಬರೆದ. ವಾಲೆನ್ಸನಿಗೂ ಅವನ ಹೆಂಡತಿಗೂ ನಾನು ಬಹಳ ದುಃಖಪಡುತ್ತೇನೆ, ಅವರನ್ನು ವೈರಿಗಳೆಂದು ಎಣಿಸಬೇಡಿ, ತಿರುಗಿ ಕರೆದುಕೊಳ್ಳಿ ಅಂದ. ಆದರೆ ತಪ್ಪು ಆಗಿಯೇ ಇಲ್ಲ ಅನ್ನಲಿಲ್ಲ. ಸದಸ್ಯತ್ವ ಉಳಿಯಲಿ, ಮನೆಗೆ ಹೋಗಿ ಬರೋಣ. ಖಜಾನೆಯ ಕೀಲಿ ಮಾತ್ರ ವಾಪಸ್ ಬೇಡ.

ಹೆಜ್ಜೆ 11: ಹುದ್ದೆ ಬಿಡುವ ದಿನ

ಅವಧಿ ಮುಗಿದಾಗ ಕುರ್ಚಿ ಬಿಡುವ ರೀತಿಯೂ ನಡತೆಯೇ. ಇಸ್ರಾಯೇಲರನ್ನು ನಡೆಸಿದ ಪ್ರವಾದಿ ಸಮುವೇಲನು ವಯಸ್ಸಾದ ಮೇಲೆ ಜನರ ಮುಂದೆ ನಿಂತು, ನಾನು ಯಾರ ಎತ್ತನ್ನು, ಯಾರ ಕತ್ತೆಯನ್ನು ತೆಗೆದುಕೊಂಡಿದ್ದೇನೆ, ಯಾರಿಗೆ ಮೋಸ ಮಾಡಿದ್ದೇನೆ, ಯಾರಿಂದ ಲಂಚ ತಿಂದಿದ್ದೇನೆ ಹೇಳಿ, ಹಿಂದಕ್ಕೆ ಕೊಡುತ್ತೇನೆ ಅಂತ ಕೇಳಿದ. ನಮ್ಮ ಮಟ್ಟಕ್ಕೆ ಇದು ಒಂದು ಹಸ್ತಾಂತರ ಪಟ್ಟಿ. ಆರಿಸುವ ದಿನವೇ ಅದನ್ನು ತಯಾರಿಸಿ ಅವರ ಸಹಿ ಪಡೆದಿಟ್ಟರೆ ಮುಂದೆ ಮನಸ್ತಾಪ ಕಡಿಮೆ.

ಪಟ್ಟಿಯಲ್ಲಿ ಇರಬೇಕಾದದ್ದು: ಕಟ್ಟಡದ ಮತ್ತು ಬೀರುವಿನ ಕೀಲಿಗಳು, ಚೆಕ್ ಪುಸ್ತಕ, ಸಭೆಯ ಮೊಹರು, ನಡಾವಳಿ ಪುಸ್ತಕ, ದೀಕ್ಷಾಸ್ನಾನ ಮತ್ತು ಮದುವೆ ರಿಜಿಸ್ಟರುಗಳು, ಜಾಗದ ಪತ್ರಗಳು ಎಲ್ಲಿವೆ ಎನ್ನುವ ವಿವರ, ಬಾಕಿ ಬಿಲ್ಲುಗಳು, ಸಭೆಯ ಇಮೇಲ್ ಮತ್ತು ಫೇಸ್‌ಬುಕ್ ಪುಟದ ಪಾಸ್‌ವರ್ಡ್, ವಾಟ್ಸಾಪ್ ಗುಂಪಿನ ಅಡ್ಮಿನ್ ಹಕ್ಕು. ಇದರಲ್ಲಿ ಕೊನೆಯದನ್ನು ಬಿಟ್ಟುಕೊಡಲು ಚೆಕ್ ಪುಸ್ತಕಕ್ಕಿಂತ ಜಾಸ್ತಿ ಸಂಕಟ ಪಡುವವರಿದ್ದಾರೆ. ಹಳಬರು, ಹೊಸಬರು, ಸಭಾಪಾಲಕರು ಮೂವರೂ ಸಹಿ ಹಾಕಲಿ. ಹೊಸ ಸಮಿತಿ ಬಂದ ವಾರದೊಳಗೆ ಠರಾವಿನ ಪ್ರತಿ ಮತ್ತು ಹೊಸಬರ ಗುರುತಿನ ದಾಖಲೆ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಖಾತೆಯ ಸಹಿ ಬದಲಾಯಿಸಿಬಿಡಿ.